ಮಗುವಿನ ಹಾಸಿಗೆಯ ಪಕ್ಕದಲ್ಲಿ: ಪಾಲಕರಿಗೆ ಪಾಲಕರ ಆಸರೆ



ಮೋರಟಗಿ ಭಾಗದ ಮಗುವೊಂದಕ್ಕೆ ಕಾಯಿಲೆ ಬಲಿತಾಗ ತಂದೆತಾಯಿಗಳು ಮೊದಲು ಸಿಂದಗಿಗೆ, ಅಲ್ಲಿಂದ ವಿಜಯಪುರಕ್ಕೋ ಕಲಬುರ್ಗಿಗೋ ಸೊಲ್ಲಾಪುರಕ್ಕೋ ಧಾವಿಸುತ್ತಾರೆ. ಮಗುವಿನ ಸುತ್ತ ವೈದ್ಯರು, ದಾದಿಯರು, ಔಷಧಿಗಳು ಇರುತ್ತವೆ. ಹೊರಗೆ ಕುಳಿತ ತಾಯಿಯನ್ನು ಮಾತ್ರ 'ಉಂಡೆಯಾ ತಂಗಿ?' ಎಂದು ಕೇಳುವವರಿರುವುದಿಲ್ಲ. ಊರಲ್ಲಿ ಬಿಟ್ಟುಬಂದ ಮಕ್ಕಳು, ದನಕರುಗಳು, ರಾಶಿಗೆ ಬಂದ ತೊಗರಿ, ಕೈಗಡ ತಂದ ಹಣ, ಇವೆಲ್ಲವೂ ಆಕೆಯ ಮನಸ್ಸಿನ ಮೇಲೆ ಭಾರವಾಗಿ ಕುಳಿತಿರುತ್ತವೆ. ಇಂಥ ಕುಟುಂಬಕ್ಕೆ, ಅದೇ ದಾರಿಯಲ್ಲಿ ಒಮ್ಮೆ ನಡೆದುಬಂದ ಪಾಲಕರು ನೀಡಬಹುದಾದ ಸೇವೆಯನ್ನು ಕುರಿತು ಈ ತಿಂಗಳು ವಿಚಾರ ಮಾಡೋಣ.

ಪಾಲಕರ ಸ್ಥಿತಿಗೂ ಚಿಕಿತ್ಸೆಗೂ ಇರುವ ಸಂಬಂಧ

ಈ ಸೇವೆ ಬರಿಯ ಸಾಂತ್ವನವಲ್ಲ, ಚಿಕಿತ್ಸೆಯ ಒಂದು ಅಂಗ. ತಿಂಗಳು ತುಂಬದೆ ಹುಟ್ಟಿದ ಕೂಸು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿದ್ದಾಗ ಅದಕ್ಕೆ ಬೇಕಾದ ಮುಖ್ಯ ಆಹಾರ ತಾಯಿಯ ಹಾಲು. ತಾಯಿ ಉಪವಾಸವಿದ್ದು, ನಿದ್ರೆಗೆಟ್ಟು ಕುಳಿತರೆ ಆಕೆಯ ಆರೋಗ್ಯ ಕೆಡುತ್ತದೆ, ಹಾಲುಣಿಸುವುದೂ ಕಷ್ಟವಾಗುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಬೇಕು. ಥಲಸ್ಸೇಮಿಯಾ ತೀವ್ರವಾಗಿರುವ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಮಗು ಚೇತರಿಸಿಕೊಂಡಂತೆ ಕಂಡಾಗ, ಅಥವಾ ಕೈಯಲ್ಲಿ ಹಣ ತೀರಿದಾಗ, 'ಇನ್ನು ಸಾಕು' ಎಂದು ಊರಿಗೆ ಮರಳುವ ಕುಟುಂಬಗಳುಂಟು. ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಮಗುವಿನ ಪ್ರಾಣಕ್ಕೇ ಎರವಾಗಬಹುದು. ಆ ಗಳಿಗೆಯಲ್ಲಿ 'ನಾವೂ ಹೀಗೆಯೇ ಬೇಸತ್ತಿದ್ದೆವು, ಆದರೂ ಮುಗಿಸಿದೆವು' ಎಂದು ಹೇಳುವ ಇನ್ನೊಬ್ಬ ತಾಯಿಯ ಮಾತು ಮನಸ್ಸಿಗೆ ತಟ್ಟುತ್ತದೆ.

ಈ ಸೇವೆ ಬೆಳೆದುಬಂದ ಬಗೆ

ಹಿಂದೆ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳು ತಂದೆತಾಯಿಗಳನ್ನು ಮಗುವಿನ ಬಳಿ ಇರಗೊಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಒಂಟಿಯಾದ ಎರಡು ವರ್ಷದ ಮಗುವಿನ ಸಂಕಟವನ್ನು ಜೇಮ್ಸ್ ರಾಬರ್ಟ್‌ಸನ್ ಅವರು 1952ರಲ್ಲಿ ಚಲನಚಿತ್ರವಾಗಿ ತೋರಿಸಿದರು. 1959ರಲ್ಲಿ ಅಲ್ಲಿಯ ಸರಕಾರಿ ಸಮಿತಿಯೊಂದು ಪಾಲಕರ ಭೇಟಿಗೆ ಇದ್ದ ನಿರ್ಬಂಧವನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಬಾರದೆಂದು 1961ರಲ್ಲಿ ಲಂಡನ್ನಿನ ಕೆಲವು ತಾಯಂದಿರು ಸಂಘ ಕಟ್ಟಿದರು.

ನಮ್ಮ ದೇಶದಲ್ಲಿ 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೇಂಟ್ ಜೂಡ್ ಸಂಸ್ಥೆಯು ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಕ್ಕಳಿಗೂ ಅವರ ಪಾಲಕರಿಗೂ ಉಚಿತ ವಸತಿ ನೀಡುತ್ತಿದೆ. ಅಲ್ಲಿ ಕುಟುಂಬಗಳು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತವೆ. ಒಬ್ಬರ ಅನುಭವ ಇನ್ನೊಬ್ಬರಿಗೆ ದಾರಿ ತೋರುತ್ತದೆ. 2017ರಲ್ಲಿ ಕೇಂದ್ರ ಸರಕಾರವು ನವಜಾತ ಶಿಶುಗಳ ಆರೈಕೆಯಲ್ಲಿ ಕುಟುಂಬದವರನ್ನು ಸೇರಿಸಿಕೊಳ್ಳುವ ಮಾರ್ಗಸೂಚಿಯನ್ನು ಹೊರಡಿಸಿತು. ಕೈ ತೊಳೆಯುವ ಕ್ರಮ, ಹಾಲುಣಿಸುವ ರೀತಿ, ಕೂಸನ್ನು ಎದೆಗವಚಿ ಬೆಚ್ಚಗಿಡುವ ಕಾಂಗರೂ ಆರೈಕೆ ಇವುಗಳನ್ನು ಪಾಲಕರಿಗೆ ಕಲಿಸಬೇಕೆಂಬುದು ಅದರ ಆಶಯ. ಕಾಂಗರೂ ಆರೈಕೆಯನ್ನು ತಂದೆಯೂ ಮಾಡಬಹುದು.

ಸೇವಕರು ಮಾಡಬೇಕಾದುದು

1. ಮೊದಲು ಆಸ್ಪತ್ರೆಯ ಮುಖ್ಯಸ್ಥರ ಒಪ್ಪಿಗೆ ಪಡೆಯಬೇಕು.

2. ತಾಯಿಗೆ ಬಿಸಿ ರೊಟ್ಟಿ, ಪಲ್ಯ, ಕುಡಿಯುವ ನೀರು ಒದಗಿಸಬೇಕು. ಆಕೆ ಸ್ನಾನ ಮಾಡಿ ಒಂದು ಗಳಿಗೆ ಮಲಗಿ ಬರುವವರೆಗೆ, ದಾದಿಯರಿಗೆ ತಿಳಿಸಿ, ಮಗುವಿನ ಬಳಿ ಕುಳಿತಿರಬೇಕು.

3. ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡುಗಳನ್ನು ಹೊಂದಿಸಲು ನೆರವಾಗಬೇಕು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಅನೇಕ ಚಿಕಿತ್ಸೆಗಳಿಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ಅದನ್ನು ಮೊದಲೇ ವಿಚಾರಿಸುವುದು ಒಳಿತು.

4. ಊರಲ್ಲಿರುವವರು ಆ ಮನೆಯ ಉಳಿದ ಮಕ್ಕಳನ್ನು ಶಾಲೆಗೆ ಕಳಿಸಬೇಕು, ದನಗಳಿಗೆ ಮೇವು ಹಾಕಬೇಕು. ಮರುಭೇಟಿಯ ದಿನವನ್ನು ಬರೆದಿಟ್ಟುಕೊಂಡು ನೆನಪಿಸಬೇಕು.

ಮಾಡಬಾರದುದು

ಕೆಮ್ಮು, ನೆಗಡಿ, ಜ್ವರ ಇರುವವರು ಮಕ್ಕಳ ವಾರ್ಡಿಗೆ ಹೋಗಬಾರದು. ಹೋದವರು ಸಾಬೂನಿನಿಂದ ಕೈ ತೊಳೆಯದೆ ಮಗುವನ್ನು ಮುಟ್ಟಬಾರದು. ವೈದ್ಯರನ್ನು ಕೇಳದೆ ಮಗುವಿಗೆ ಏನನ್ನೂ ತಿನ್ನಿಸಬಾರದು. ನಾಟಿ ಔಷಧಿಯನ್ನು ಸೂಚಿಸಬಾರದು. 'ನಮ್ಮ ಮಗುವಿಗೆ ಗುಣವಾಯಿತು, ನಿಮ್ಮದಕ್ಕೂ ಆಗಿಯೇ ತೀರುತ್ತದೆ' ಎಂದು ಭರವಸೆ ಕೊಡಬಾರದು, ಏಕೆಂದರೆ ಅದು ನಮ್ಮ ಕೈಯಲ್ಲಿಲ್ಲ. 'ಹೆದರಬೇಡವ್ವ, ನಾವು ಜೊತೆಗಿದ್ದೇವೆ' ಎಂಬ ಮಾತು ಸಾಕು. ಕುಟುಂಬದ ಗುಟ್ಟನ್ನು ಊರಲ್ಲಿ ಆಡಬಾರದು. ಮಗುವಿನ ಚಿತ್ರ ತೆಗೆದು ಮೊಬೈಲಿನಲ್ಲಿ ಹಂಚಬಾರದು. ಇದು ಯಾರ ಪಾಪದ ಫಲವೆಂದು ತಾಯಿಯನ್ನು ಎಂದಿಗೂ ಹಳಿಯಬಾರದು.

ಮಗುವನ್ನು ಕಳೆದುಕೊಂಡ ಪಾಲಕರಲ್ಲಿ ಕೆಲವರು ಈ ಸೇವೆಗೆ ಮುಂದೆ ಬರುವುದುಂಟು. ಅವರ ದುಃಖ ಇನ್ನೂ ಹಸಿಯಾಗಿದ್ದರೆ ಅವಸರ ಮಾಡಿಸಬಾರದು. ಅವರಿಗೂ ಆಸರೆ ಬೇಕೆಂಬುದನ್ನು ಮರೆಯಬಾರದು.

ಹಸಿದು ಬಂದವರಿಗೆ ಉಣಬಡಿಸುವ ದಾಸೋಹ ನಮಗೆ ಹೊಸತಲ್ಲ. ಮಠಕ್ಕೆ ಬರಲಾಗದೆ ಆಸ್ಪತ್ರೆಯ ಜಗುಲಿಯಲ್ಲಿ ಹಸಿದು ಕುಳಿತ ತಾಯಿಯ ಬಳಿಗೆ ಆ ದಾಸೋಹವನ್ನು ಒಯ್ಯಬೇಕಾಗಿದೆ. ಪ್ರತಿ ಊರಿನಲ್ಲಿ ನಾಲ್ಕು ಜನ ಪಾಲಕರು ಆಶಾ ಕಾರ್ಯಕರ್ತೆಯೊಡನೆ ಕೂಡಿ ಈ ಕಾಯಕವನ್ನು ಕೈಗೊಳ್ಳಲಿ. ಈ ವಾರ ನಿಮ್ಮ ಓಣಿಯ ಯಾವ ಮಗು ಆಸ್ಪತ್ರೆಯಲ್ಲಿದೆ ಎಂದು ವಿಚಾರಿಸುವುದರಿಂದಲೇ ಆರಂಭಿಸಬಹುದು.