ಕಿವಿಯಂತ್ರ ಮಾಡುವ ಹುಡುಗನಿಗೆ

ನಿನ್ನ ತಲೆ ಚುರುಕು, ಒಪ್ಪಿದೆ. ಪೊವಾಯಿಯ ಎಸಿ ಕೋಣೆಯಲ್ಲಿ ಕೂತು ಗದ್ದಲ ಅಡಗಿಸುವ ಪ್ರೋಗ್ರಾಂ ಬರೆದೆ, ಗ್ರಾಫ್ ನುಣ್ಣಗೆ ಬಂತು ಅಂತ ಕುಣಿದಾಡಿದೆ. ಸ್ವಲ್ಪ ತಡಿ ಮಾರಾಯ. ಆ ಯಂತ್ರವನ್ನು ದಿನವಿಡೀ ಕಿವಿಗೆ ಸಿಕ್ಕಿಸಿಕೊಂಡು ಮುಂಬಯಿ ತಿರುಗುವವಳು ನಾನು.

ಸಂಜೆ ಆರಕ್ಕೆ ದಾದರಿಗೆ ಬಾ. ಲೋಕಲಿನ ಗಡಗಡ, ಫ್ಯಾನಿನ ಗುಂಯ್, ಇವೆಲ್ಲ ಒಂದೇ ಸಮನೆ ಇರುವ ಸದ್ದು. ಗುರುತಿಸಿ ತಗ್ಗಿಸುವುದು ಯಂತ್ರಕ್ಕೆ ಸಲೀಸು. ಲೇಡೀಸ್ ಡಬ್ಬಿಯಲ್ಲಿ ನಾಲ್ಕು ಮಂದಿ ಒಟ್ಟಿಗೆ ಬಾಯಿ ತೆರೆದರೆ ಏನು ಮಾಡುತ್ತೀ? ಅಲ್ಲಿ ಗದ್ದಲವೂ ಮಾತೇ, ಬೇಕಾದ್ದೂ ಮಾತೇ. ಎರಡು ಮೈಕು ಇಟ್ಟು ಮುಂದಿನ ದನಿ ಹಿಡಿ, ಹಿಂದಿನದು ಬಿಡು ಅಂತ ಯಂತ್ರಕ್ಕೆ ಹೇಳಿಕೊಡುತ್ತೀ. ‘ಅಜ್ಜಿ, ಇಳೀಬೇಕು’ ಅಂತ ಮೊಮ್ಮಗಳು ಕೂಗುವುದು ಹಿಂದಿನಿಂದಲೇ! ಯಾವ ದನಿ ನನಗೆ ಬೇಕು ಅನ್ನುವುದು ನಿನ್ನ ಲೆಕ್ಕಕ್ಕೆ ಎಲ್ಲಿ ಗೊತ್ತು?

ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಕೈಕೊಡುವುದು ತೆಳು ಸದ್ದುಗಳು: ಸ, ಶ, ತ, ಕ. ‘ಸಾಲ’ ಅಂದದ್ದು ‘ಕಾಲ’ ಅಂತ ಕೇಳುತ್ತದೆ. ‘ಸ’ ಅಂದರೆ ಹಲ್ಲಿನ ಸಂದಿಯಲ್ಲಿ ನುಗ್ಗುವ ಗಾಳಿ ತಾನೆ? ಗದ್ದಲ ಒರೆಸುವ ಭರದಲ್ಲಿ ನೀನು ಅದನ್ನೂ ಒರೆಸಿಬಿಡುತ್ತೀ. ಗ್ರಾಫ್ ಚೆಂದ ಕಾಣುತ್ತದೆ, ನಾನು ‘ಆಂ?’ ಅನ್ನುತ್ತಲೇ ಇರುತ್ತೇನೆ.

ವಿಡ್ರೋ ಮತ್ತು ಹಾಫ್ 1960ರಲ್ಲಿ ಕೊಟ್ಟ, ಫಿಲ್ಟರ್ ತನ್ನನ್ನು ತಾನೇ ಹೆಜ್ಜೆಹೆಜ್ಜೆಯಾಗಿ ತಿದ್ದಿಕೊಳ್ಳುವ ಎಲ್‌ಎಂಎಸ್ ಸೂತ್ರ ನಿನಗೆ ಬಾಯಿಪಾಠ. ಅದರಲ್ಲಿ ಹೆಜ್ಜೆಯ ಅಳತೆ ಒಂದಿದೆಯಲ್ಲ, ಅದಕ್ಕೆ ನಿನ್ನ ಆತುರ ಅಂಟಿಸಬೇಡ. ಹೆಜ್ಜೆ ದೊಡ್ಡದಾದರೆ ಫಿಲ್ಟರ್ ಒಂದು ನೆಲೆಗೆ ನಿಲ್ಲುವುದಿಲ್ಲ. ತೀರಾ ಚಿಕ್ಕದಾದರೆ ರೈಲು ಹೋದಮೇಲೆ ಎಚ್ಚರವಾಗುತ್ತದೆ. ಫೋನು ಕಿವಿಗಿಟ್ಟಾಗ ಯಂತ್ರ ಕುಯ್ ಅಂತ ಸೀಟಿ ಹಾಕುತ್ತದಲ್ಲ, ಅದನ್ನು ಅಡಗಿಸುವುದೂ ಇದೇ ಜಾತಿಯ ಸೂತ್ರ. ಅದು ಅವಸರಪಟ್ಟರೆ ಭಜನೆಯ ಹಾರ್ಮೋನಿಯಂನಲ್ಲಿ ಎಳೆದು ಹಿಡಿದ ಸ್ವರವನ್ನೇ ಸೀಟಿ ಅಂತ ತಿಳಿದು ಕೆಡಿಸಿಬಿಡುತ್ತದೆ. ಪಂಚಮ ನಡುಗುವುದನ್ನು ನಾನೇ ಕೇಳಿದ್ದೇನೆ, ಹೊಟ್ಟೆ ಉರಿಯಿತು.

ಬಾಂದ್ರಾ ರೆಕ್ಲಮೇಶನ್ನಿನಲ್ಲಿ 1983ರಿಂದ ಕಿವಿ ಮಂದವಾದವರಿಗಾಗಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ. ಅಪ್ಪಣೆ ಕೇಳಿ ಒಂದಷ್ಟು ದಿನ ಅಲ್ಲಿ ಹೋಗಿ ಕೂರು. ಯಂತ್ರ ಹೊಂದಿಸುವಾಗ ಮುದುಕರು ಏನು ದೂರುತ್ತಾರೆ, ಬಾಯಿ ಮುಚ್ಚಿಕೊಂಡು ಕೇಳು. ಡೆಸಿಬೆಲ್ ಗಿಸಿಬೆಲ್ ಅವರ ಬಾಯಲ್ಲಿ ಬರುವುದಿಲ್ಲ. ‘ಸೊಸೆ ಅಡುಗೆಮನೆಯಿಂದ ಏನಂದಳೋ ತಿಳಿಯಲಿಲ್ಲ’ ಅನ್ನುತ್ತಾರೆ. ಬರೆದುಕೊ.

ಆಮೇಲೆ ನಿನ್ನ ಯಂತ್ರ ತಗೊಂಡು ಮನೆಗೆ ಬಾ. ಹಾಕಿಕೊಂಡು ನಿನ್ನ ಜತೆ ಮಾಟುಂಗ ಮಾರ್ಕೆಟ್ಟಿಗೆ ಬರುತ್ತೇನೆ. ಬದನೆಕಾಯಿಯ ದರ ನನಗೆ ಒಂದೇ ಸಲಕ್ಕೆ ಕೇಳಿಸಬೇಕು.