ಕರೆಯದೆ ಬರುವ ಸುದ್ದಿ

ಮುಟ್ಟದೆ ಸುಮ್ಮನೆ ಇಟ್ಟಿದ್ದ ಫೋನು ತಾನಾಗಿಯೇ ಒಮ್ಮೆ ನಡುಗಿ, ಗಾಜಿನ ಮೇಲೆ ಎರಡು ಸಾಲು ಬರಹವನ್ನು ತೋರಿಸುವುದು ಈಗ ಎಲ್ಲರಿಗೂ ಬಳಕೆಯಾದ ಸಂಗತಿ. ಬ್ಯಾಂಕಿಗೆ ಹಣ ಬಂದುದು, ರೈಲು ತಡವಾದುದು, ಗೆಳೆಯನು ಚಿತ್ರವೊಂದನ್ನು ಹಾಕಿದುದು, ಎಲ್ಲವೂ ಹೀಗೆಯೇ ತಿಳಿಯುತ್ತವೆ. ಇದಕ್ಕೆ ಪುಶ್ ನೋಟಿಫಿಕೇಶನ್ ಎಂದು ಹೆಸರು. ಪುಶ್ ಎಂದರೆ ನೂಕುವುದು. ನಾವು ಹೋಗಿ ಕೇಳದಿದ್ದರೂ ಸುದ್ದಿಯೇ ನಮ್ಮ ಕಡೆಗೆ ನೂಕಿಸಿಕೊಂಡು ಬರುವುದರಿಂದ ಈ ಹೆಸರು. ಅದು ಯಾವ ದಾರಿಯಿಂದ ನಮ್ಮ ಕಿಸೆಗೆ ಬರುತ್ತದೆ, ಜಾವಾಸ್ಕ್ರಿಪ್ಟ್ ಬಲ್ಲ ವಿದ್ಯಾರ್ಥಿಯು ಅದನ್ನು ತಾನೇ ಕಳುಹಿಸುವ ಬಗೆ ಯಾವುದು, ಕಳುಹಿಸಿದ ಮಾತ್ರಕ್ಕೆ ಮುಟ್ಟಿತೆಂದು ನಂಬಬಹುದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬಿ.ಎ. ಓದುವವರಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ, ಪರೀಕ್ಷಾ ಶುಲ್ಕಕ್ಕೆ ಕಡೆಯ ದಿನ, ಇವೆಲ್ಲ ಹಿಂದೆ ನೋಟೀಸು ಬೋರ್ಡಿನಲ್ಲಿ ಕಾಣುತ್ತಿದ್ದುವು. ಈಗ ಬಹುಮಟ್ಟಿಗೆ ಫೋನಿಗೆ ಬರುತ್ತವೆ. ತಂದೆತಾಯಿಗಳು ಕಾಲೇಜು ಕಂಡ ಮನೆಗಳಲ್ಲಿ ‘ಅರ್ಜಿ ಹಾಕಿದೆಯಾ?’ ಎಂದು ಕೇಳುವವರಿರುತ್ತಾರೆ. ನಮ್ಮ ಮನೆಯಲ್ಲಿ ಡಿಗ್ರಿಯವರೆಗೆ ಬಂದಿರುವುದು ನಾನೇ ಮೊದಲು. ನಮ್ಮಂಥವರಿಗೆ ನೆನಪು ಮಾಡಿಕೊಡುವ ಹಿರಿಯಣ್ಣನೆಂದರೆ ಈ ಫೋನೇ. ಅದು ಬಾಯಿ ಬಿಡದೆ ಹೋದರೆ ಇಡೀ ವರ್ಷದ ಹಣವೇ ಕೈಬಿಡುವುದುಂಟು.

ಮೊದಲು ಒಂದು ತಪ್ಪು ಭಾವನೆಯನ್ನು ಕಳೆಯಬೇಕು. ಕಳುಹಿಸುವವರ ಕಂಪ್ಯೂಟರು ನೇರವಾಗಿ ನಮ್ಮ ಫೋನನ್ನು ಕೂಗುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಊರಿನಿಂದ ಊರಿಗೆ ಹೋದಂತೆ, ವೈಫೈನಿಂದ ಟವರಿಗೆ ಬದಲಾದಂತೆ, ಅಂತರ್ಜಾಲದಲ್ಲಿ ಫೋನಿನ ವಿಳಾಸವೂ ಬದಲಾಗುತ್ತಿರುತ್ತದೆ. ಹೊರಗಿನವರು ಅದನ್ನು ಹುಡುಕಿ ಒಳಗೆ ಬರುವುದಂತೂ ಸಾಮಾನ್ಯವಾಗಿ ಸಾಧ್ಯವೇ ಇಲ್ಲ. ಹಾಗಾದರೆ ಪ್ರತಿಯೊಂದು ಆ್ಯಪ್ ತಾನೇ ನಿಮಿಷಕ್ಕೊಮ್ಮೆ ‘ಏನಾದರೂ ಉಂಟೆ?’ ಎಂದು ಕೇಳಬಹುದಲ್ಲ? ಕೇಳಬಹುದು, ಗಂಟೆಗೊಮ್ಮೆ ಅಂಚೆ ಕಚೇರಿಗೆ ನಡೆದು ಬರುವವನ ಕಾಲಿನಂತೆ ಬ್ಯಾಟರಿಯೂ ಸವೆಯುವುದು.

ಇದಕ್ಕೆ ಕಂಡುಕೊಂಡ ಉಪಾಯ ಚೆನ್ನಾಗಿದೆ. ಫೋನು ತಾನೇ ಹೋಗಿ ಒಂದೇ ಒಂದು ಸಂಪರ್ಕವನ್ನು ತೆರೆದು, ಅದನ್ನು ಮುಚ್ಚದೆ ಹಿಡಿದುಕೊಂಡಿರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಇದರ ಇನ್ನೊಂದು ತುದಿ ಗೂಗಲ್ ಸಂಸ್ಥೆಯಲ್ಲಿ, ಐಫೋನಿನಲ್ಲಿ ಆ್ಯಪಲ್ ಸಂಸ್ಥೆಯಲ್ಲಿ. ಆ್ಯಪ್‌ಗಳು ಐವತ್ತಿದ್ದರೂ ತಂತಿ ಒಂದೇ. ಕಳುಹಿಸುವವರು ಸುದ್ದಿಯನ್ನು ಆ ಸಂಸ್ಥೆಗೆ ಒಪ್ಪಿಸುತ್ತಾರೆ. ಅದು ತೆರೆದಿರುವ ತಂತಿಯ ಮೂಲಕ ಫೋನಿಗೆ ದಾಟಿಸುತ್ತದೆ. ಆ್ಯಪಲ್ ಈ ಏರ್ಪಾಡನ್ನು 2009ರಲ್ಲಿ ಹೊರಗಿನ ಆ್ಯಪ್‌ಗಳಿಗೆ ತೆರೆಯಿತು. ಗೂಗಲ್ 2010ರಲ್ಲಿ ಒಂದು, 2012ರಲ್ಲಿ ಇನ್ನೊಂದು ಸೇವೆಯನ್ನು ತಂದಿತು. 2014ರಲ್ಲಿ ಅದು ಫೈರ್‌ಬೇಸ್ ಎಂಬ ಕಂಪನಿಯನ್ನು ಕೊಂಡುಕೊಂಡಿತು. 2016ರಲ್ಲಿ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಎಂಬ ಈಗಿನ ಸೇವೆ ಬಂದಿತು. (ಕ್ಲೌಡ್ ಎಂದಾಗ ಆಕಾಶವನ್ನು ನೋಡಬೇಕಾಗಿಲ್ಲ, ಬೇರೆಯವರ ಕಂಪ್ಯೂಟರನ್ನು ದೂರದಿಂದ ಬಳಸುವುದಕ್ಕೆ ಇಟ್ಟ ಹೆಸರಷ್ಟೆ.) ಇದರಲ್ಲಿ ಸುದ್ದಿ ಕಳುಹಿಸಲು ಶುಲ್ಕವಿಲ್ಲ. ಬಡ ಕಾಲೇಜಿಗೂ ಬಡ ವಿದ್ಯಾರ್ಥಿಗೂ ಇದು ಸಣ್ಣ ಮಾತಲ್ಲ.

ಇನ್ನು ಕೆಲಸದ ಕ್ರಮವನ್ನು ನೋಡೋಣ. ಅಂತಿಮ ಬಿ.ಎ. ತರಗತಿಗಾಗಿ ಫೋನಿನ ಬ್ರೌಸರಿನಲ್ಲಿ ತೆರೆಯುವ ಒಂದು ಪುಟವನ್ನು ಮಾಡಿದ್ದೇವೆಂದು ಇಟ್ಟುಕೊಳ್ಳಿ. ಅದರ ಜೊತೆಗೆ ಸರ್ವಿಸ್ ವರ್ಕರ್ ಎಂಬ ಸಣ್ಣ ಜಾವಾಸ್ಕ್ರಿಪ್ಟ್ ಕಡತವೊಂದು ಬೇಕು. ಪುಟವನ್ನು ಮುಚ್ಚಿದರೂ ಸುದ್ದಿ ಬಂದಾಗ ಎಚ್ಚರಗೊಳ್ಳುವ ಕಾವಲುಗಾರ ಇದು. ಆಮೇಲೆ ಓದುಗನ ಒಪ್ಪಿಗೆಯನ್ನು ಕೇಳಬೇಕು. ಪುಟ ತೆರೆದೊಡನೆ ಕೇಳುವ ಪದ್ಧತಿ ನನಗೆ ಸರಿಕಾಣದು. ಪರಿಚಯವಿಲ್ಲದವರು ಬಾಗಿಲಲ್ಲಿ ನಿಂತು ಕೇಳಿದರೆ ಯಾರೂ ‘ಬೇಡ’ ಎನ್ನುವರು. ಒಮ್ಮೆ ಬೇಡವೆಂದರೆ, ಅವರೇ ಸೆಟ್ಟಿಂಗಿಗೆ ಹೋಗಿ ಬದಲಿಸುವವರೆಗೆ ಪುಟವು ಮತ್ತೆ ಕೇಳುವಂತಿಲ್ಲ. ‘ಕಡೆಯ ದಿನಗಳನ್ನು ನನಗೆ ತಿಳಿಸಿ’ ಎಂಬ ಗುಂಡಿಯನ್ನಿಟ್ಟು, ಅದನ್ನು ಒತ್ತಿದ ಮೇಲೆ ಕೇಳುವುದು ಮೇಲು. ಐಫೋನಿನಲ್ಲಿ ಇನ್ನೊಂದು ಕಟ್ಟಳೆಯುಂಟು: 2023ರ ಮಾರ್ಚಿನಲ್ಲಿ ಬಂದ 16.4ನೆಯ ಆವೃತ್ತಿಯಿಂದ ಈಚೆಗೆ ಮಾತ್ರ, ಅದೂ ಪುಟವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡಿದ್ದರೆ ಮಾತ್ರ, ಈ ಸೌಕರ್ಯ ದೊರೆಯುವುದು.

ಒಪ್ಪಿಗೆ ದೊರೆತ ಮೇಲೆ ಗೆಟ್‌ಟೋಕನ್ ಎಂಬ ಆಜ್ಞೆಯನ್ನು ಕೊಟ್ಟರೆ ಉದ್ದವಾದ ಅಕ್ಷರಮಾಲೆಯೊಂದು ಸಿಗುತ್ತದೆ. ಇದೇ ಟೋಕನ್. ಇದನ್ನು ನಮ್ಮ ಸರ್ವರಿಗೆ ಕಳುಹಿಸಿ, ವಿದ್ಯಾರ್ಥಿಯ ಹೆಸರಿನ ಎದುರು ಬರೆದಿಡಬೇಕು. ಟೋಕನ್ ಫೋನ್ ನಂಬರಲ್ಲ. ಮನುಷ್ಯನ ಹೆಸರೂ ಅಲ್ಲ. ಆ ಫೋನಿನಲ್ಲಿ ಆ ಬ್ರೌಸರು ಅಥವಾ ಆ್ಯಪ್ ಇರುವ ಜಾಗದ ಗುರುತು ಅದು. ಇದನ್ನು ಮರೆಯಬಾರದು, ಮುಂದೆ ಇದರ ಫಲ ಕಾಣುವುದು.

ಕಳುಹಿಸುವ ಭಾಗವು ಸರ್ವರಿನಲ್ಲಿ ನಡೆಯುತ್ತದೆ. 1995ರಲ್ಲಿ ಬ್ರೌಸರಿಗಾಗಿ ಹುಟ್ಟಿದ ಜಾವಾಸ್ಕ್ರಿಪ್ಟನ್ನು 2009ರಲ್ಲಿ ಬಂದ ನೋಡ್ ಸರ್ವರಿನಲ್ಲಿಯೂ ಬಳಸಲು ಸುಲಭಮಾಡಿತು. ಎರಡು ಕಡೆಗೂ ಒಂದೇ ಭಾಷೆ ಸಾಕು. ಫೈರ್‌ಬೇಸ್ ಅಡ್ಮಿನ್ ಎಂಬ ಭಂಡಾರವನ್ನು ತಂದುಕೊಂಡು, ನಮ್ಮ ಯೋಜನೆಯ ಗುಟ್ಟಿನ ಕೀಲಿಯ ಕಡತವನ್ನು ಅದಕ್ಕೆ ತೋರಿಸಬೇಕು. ಈ ಕೀಲಿಯನ್ನು ಪುಟದೊಳಗೆ ಇಡಕೂಡದು. ಎಲ್ಲರೂ ನೋಡುವ ಗಿಟ್‌ಹಬ್ಬಿನಲ್ಲಿಯೂ ಹಾಕಕೂಡದು. ಕೀಲಿ ಸಿಕ್ಕಿದವನು ಕಾಲೇಜಿನ ಹೆಸರಿನಲ್ಲಿ ‘ನಾಳೆ ಪರೀಕ್ಷೆ ಇಲ್ಲ’ ಎಂದು ಎಲ್ಲರಿಗೂ ಸಾರಬಲ್ಲನು. ಹಿಂದೆ ಒಂದೇ ಕೀಲಿಯನ್ನು ಸದಾ ಬಳಸುವ ಕ್ರಮವಿದ್ದಿತು. ಗೂಗಲ್ ಅದನ್ನು 2023ರಲ್ಲಿ ಹಳೆಯದೆಂದು ಸಾರಿ, 2024ರಿಂದ ನಿಲ್ಲಿಸತೊಡಗಿತು. ಈಗ ಸ್ವಲ್ಪ ಕಾಲ ಮಾತ್ರ ನಡೆಯುವ ಚೀಟಿಯನ್ನು ಆಗಾಗ್ಗೆ ಪಡೆಯಬೇಕು. ಭಂಡಾರವು ಅದನ್ನು ತಾನೇ ನೋಡಿಕೊಳ್ಳುತ್ತದೆ. ಹಳೆಯ ಪಾಠಗಳನ್ನು ನೋಡಿ ಕಲಿಯುವವರು ಇಲ್ಲಿ ಎಚ್ಚರದಿಂದಿರಬೇಕು.

ಸೆಂಡ್ ಎಂಬ ಆಜ್ಞೆಗೆ ಕೊಡಬೇಕಾದುದು ಟೋಕನ್, ಶೀರ್ಷಿಕೆ, ಒಕ್ಕಣೆ ಇಷ್ಟೆ. ಒಟ್ಟು ಗಾತ್ರ 4096 ಬೈಟುಗಳನ್ನು ಮೀರಬಾರದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ‘ಕ್ಷಿ’ ಎಂಬುದು ನಮಗೆ ಒಂದೇ ಅಕ್ಷರ, ಯಂತ್ರಕ್ಕೆ ನಾಲ್ಕು ಸಂಕೇತ. ಅಂದರೆ ಹನ್ನೆರಡು ಬೈಟು! ಹಾಗೆಂದು ಕನ್ನಡವನ್ನು ಬಿಡಬೇಕಾಗಿಲ್ಲ, ಏಕೆಂದರೆ ಗಾಜಿನ ಮೇಲೆ ಕಾಣುವುದೇ ಒಂದೆರಡು ಸಾಲು. ‘ಸಮಸ್ತ ವಿದ್ಯಾರ್ಥಿಗಳ ಗಮನಕ್ಕೆ ತರಬಯಸುವುದೇನೆಂದರೆ’ ಎಂದು ಆರಂಭಿಸಿದರೆ ವಿಷಯ ಬರುವ ಮೊದಲೇ ಜಾಗ ಮುಗಿಯುವುದು. ಅನೇಕರಿಗೆ ಕಳುಹಿಸಲು ಒಂದು ಸಲಕ್ಕೆ 500 ಟೋಕನ್‌ಗಳವರೆಗೆ ಕೊಡಬಹುದು. ಇಲ್ಲವೆ ತರಗತಿಗೊಂದು ಟಾಪಿಕ್ ಮಾಡಬಹುದು. ಟಾಪಿಕ್ಕಿನ ಹೆಸರನ್ನು ಮಾತ್ರ ಇಂಗ್ಲಿಷ್ ಲಿಪಿಯಲ್ಲಿಯೇ ಇಡಬೇಕು, ಕನ್ನಡ ಅಕ್ಷರವನ್ನು ಅದು ಒಪ್ಪದು.

ಆಜ್ಞೆ ಕೊಟ್ಟೊಡನೆ ಒಂದು ಗುರುತಿನ ಸಂಖ್ಯೆ ಉತ್ತರವಾಗಿ ಬರುತ್ತದೆ. ಹೊಸಬರು ಇದನ್ನು ಕಂಡು ಕೆಲಸವಾಯಿತೆಂದು ಹಿಗ್ಗುವುದು ಸಹಜ. ಆದರೆ ಅದರ ಅರ್ಥ ‘ನಿಮ್ಮ ಸುದ್ದಿಯನ್ನು ಒಪ್ಪಿಕೊಂಡೆವು’ ಎಂದಷ್ಟೆ. ‘ಮುಟ್ಟಿಸಿದೆವು’ ಎಂದಲ್ಲ, ‘ಓದಿದರು’ ಎಂದಂತೂ ಅಲ್ಲವೇ ಅಲ್ಲ. ನಡುವೆ ತೊಡಕುಗಳು ಹಲವಾರು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ, ಅಲುಗಾಡದೆ ಬಿದ್ದಿರುವ ಫೋನು ಗಾಢನಿದ್ರೆಗೆ ಜಾರುತ್ತದೆ. ತುರ್ತೆಂದು ಗುರುತು ಮಾಡದ ಸುದ್ದಿ ಅದು ಏಳುವವರೆಗೆ ಕಾಯಬೇಕು. 2022ರ ಆಂಡ್ರಾಯ್ಡ್ 13ರಿಂದ ಹೊಸದಾಗಿ ಹಾಕಿಕೊಂಡ ಆ್ಯಪ್ ಕೂಡ ಒಪ್ಪಿಗೆ ಕೇಳಲೇಬೇಕು. ಆಂಡ್ರಾಯ್ಡ್ ಆ್ಯಪ್ಪಿನ ಟೋಕನ್ 270 ದಿನ ಸಂಪರ್ಕವಿಲ್ಲದಿದ್ದರೆ ಸತ್ತುಹೋದಂತೆ. ಆರಿಸಿಟ್ಟ ಫೋನಿಗೆ ಬಂದ ಸುದ್ದಿಯನ್ನು ಗೂಗಲ್ ನಾಲ್ಕು ವಾರಗಳವರೆಗೂ ಇಟ್ಟುಕೊಳ್ಳಬಹುದು. ‘ನಾಳೆ ಕಡೆಯ ದಿನ’ ಎಂಬ ಮಾತು ಹತ್ತು ದಿನ ಕಳೆದು ಬಂದರೆ ಅದು ಸುದ್ದಿಯಲ್ಲ, ಅಣಕ. ಆದುದರಿಂದ ‘ನಾಳೆ’ ಎನ್ನದೆ ತಾರೀಖನ್ನೇ ಬರೆಯಬೇಕು. ಆ ತಾರೀಖಿನವರೆಗೆ ಮಾತ್ರ ಬದುಕಿರುವಂತೆ ಸುದ್ದಿಗೆ ಆಯುಸ್ಸನ್ನು ಗೊತ್ತುಪಡಿಸಬೇಕು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಯಂತ್ರದ್ದಲ್ಲ. ನನ್ನ ಪರಿಚಯದ ಒಬ್ಬ ಹುಡುಗಿಯ ಮನೆಗೆಲ್ಲ ಒಂದೇ ಫೋನು. ಹಗಲಿನಲ್ಲಿ ಅದು ಅಣ್ಣನ ಜೊತೆ ಕೆಲಸಕ್ಕೆ ಹೋಗುತ್ತದೆ. ಒಂದು ಅರ್ಜಿಯ ಸುದ್ದಿ ಬಂದಾಗ ಅಣ್ಣನು ಅದನ್ನು ಬೆರಳಿನಿಂದ ಅತ್ತ ಸರಿಸಿದನು. ಕಡೆಯ ದಿನ ಕಳೆದ ಮೇಲೆ ಹೋಗಿ ಕೇಳಿದರೆ ‘ಎಲ್ಲರಿಗೂ ಕಳುಹಿಸಿದ್ದೇವಲ್ಲ’ ಎಂಬ ಉತ್ತರ ದೊರೆಯಿತು. ಉತ್ತರ ಸುಳ್ಳಲ್ಲ. ಟೋಕನ್ ಫೋನಿನದು, ಅವಳದಲ್ಲ. ಕಳುಹಿಸಿದವರ ಲೆಕ್ಕದಲ್ಲಿ ಕೆಲಸ ಪೂರ್ತಿಯಾಗಿದೆ, ಅವಳ ಲೆಕ್ಕದಲ್ಲಿ ಒಂದು ವರ್ಷದ ಹಣ ಹೋಗಿದೆ.

ಆದುದರಿಂದ ಇಂಥ ಏರ್ಪಾಡನ್ನು ಮಾಡುವವರು ಕಳುಹಿಸಿದವರ ಪಟ್ಟಿಯನ್ನಲ್ಲ, ತೆರೆದು ನೋಡಿದವರ ಪಟ್ಟಿಯನ್ನು ಇಡಬೇಕು. ಸುದ್ದಿಯನ್ನು ಮುಟ್ಟಿ ಪುಟಕ್ಕೆ ಬಂದ ವಿದ್ಯಾರ್ಥಿಯು ‘ಓದಿದೆ’ ಎಂಬ ಗುಂಡಿಯನ್ನು ಒತ್ತಿದರೆ ಸರ್ವರು ಅದನ್ನು ಬರೆದುಕೊಳ್ಳಲಿ. ಜಾವಾಸ್ಕ್ರಿಪ್ಟಿನಲ್ಲಿ ಇದು ಹತ್ತು ಸಾಲಿನ ಕೆಲಸ. ಎರಡು ದಿನ ಕಳೆದು ಉಳಿದ ಹೆಸರುಗಳನ್ನು ತೆಗೆದು, ತರಗತಿಯಲ್ಲಿ ಕೂಗಿ ಹೇಳಬಹುದು, ಇಲ್ಲವೆ ಮನೆಗೆ ಫೋನು ಮಾಡಬಹುದು. ಟೋಕನ್ ಇಲ್ಲವೆಂದು ಉತ್ತರ ಬಂದವರ ಹೆಸರುಗಳನ್ನೂ ಇದೇ ಪಟ್ಟಿಗೆ ಸೇರಿಸತಕ್ಕದ್ದು. ನೋಟೀಸು ಬೋರ್ಡನ್ನಂತೂ ತೆಗೆಯಲೇಬಾರದೆಂದು ನನ್ನ ಅಭಿಪ್ರಾಯ. ಅದಕ್ಕೆ ಒಪ್ಪಿಗೆಯೂ ಬೇಡ, ಬ್ಯಾಟರಿಯೂ ಬೇಡ.

ಒಕ್ಕಣೆಯಲ್ಲಿ ಏನನ್ನು ಬರೆಯಬಾರದೆಂಬುದೂ ಯೋಚಿಸತಕ್ಕ ವಿಷಯ. ಬೀಗ ಹಾಕಿದ ಫೋನಿನ ಮೇಲೂ ಇದು ಕಾಣಬಹುದು. ನಡುವಿನ ಸಂಸ್ಥೆಯ ಕೈಯನ್ನೂ ಹಾದುಹೋಗುತ್ತದೆ. ಸರಕಾರಗಳು ಇಂಥ ಸುದ್ದಿಗಳ ದಾಖಲೆಗಳನ್ನು ಗೂಗಲ್, ಆ್ಯಪಲ್ ಸಂಸ್ಥೆಗಳಿಂದ ಕೇಳುತ್ತಿವೆಯೆಂದು ಅಮೆರಿಕದ ಸೆನೆಟರ್ ರಾನ್ ವೈಡನ್ 2023ರ ಡಿಸೆಂಬರಿನಲ್ಲಿ ಬಹಿರಂಗಪಡಿಸಿದರು. ಅಂಕಗಳನ್ನೂ ಜಾತಿಯ ವಿವರವನ್ನೂ ಬರೆಯದೆ, ‘ಹೊಸ ಸೂಚನೆ ಬಂದಿದೆ, ಒಳಗೆ ನೋಡಿ’ ಎಂದರೆ ಸಾಕು.

ಇದನ್ನು ಮಾಡಿ ನೋಡುವ ಆಸಕ್ತಿಯುಳ್ಳವರು ಮೊದಲು ಈ ಸಣ್ಣ ಪ್ರಯೋಗವನ್ನು ಮಾಡಲಿ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಒಂದು ನಿಮಿಷದ ಆಯುಸ್ಸು ಕೊಟ್ಟ ಸುದ್ದಿಯನ್ನು ಕಳುಹಿಸಿರಿ. ಎಂದಿನಂತೆ ಗುರುತಿನ ಸಂಖ್ಯೆ ಬರುವುದು. ಐದು ನಿಮಿಷ ಬಿಟ್ಟು ಫೋನನ್ನು ಮತ್ತೆ ಜಾಲಕ್ಕೆ ಸೇರಿಸಿರಿ. ಏನೂ ಬರುವುದಿಲ್ಲ. ಸರ್ವರಿನ ತೆರೆಯ ಮೇಲೆ ಮಾತ್ರ ಆ ಸಂಖ್ಯೆ ಹಾಗೆಯೇ ಇರುವುದು.