ಕರಿಹೊಗೆ ಕಂಡ ಕೂಡಲೇ ಇಂಜಿನ್ ಇಳಿಸಬೇಡಿ

ಚಳ್ಳಕೆರೆ ಸೀಮೆಯಲ್ಲಿ ನಮ್ಮದು ಆರು ಎಕರೆ ಒಣಭೂಮಿ. ಶೇಂಗಾ, ತೊಗರಿ ಬಿತ್ತುತ್ತೇವೆ. ಮಳೆ ಬಂದರೆ ಬೆಳೆ, ಬಾರದಿದ್ದರೆ ಗಾಡಿ ಬಾಡಿಗೆ. ಗಾಡಿ ಅಂದರೆ 2012ರ ಮಾಡೆಲ್ ಡೀಸೆಲ್ ಪಿಕಪ್. 2018ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು.

2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದು ನಿಮಗೆ ನೆನಪಿರಬಹುದು. ಆ ವರ್ಷ ನನಗೆ ಬಿತ್ತಿದ ಶೇಂಗಾ ಬೀಜವೂ ವಾಪಸ್ ಬರಲಿಲ್ಲ. ಮನೆ ನಡೆದದ್ದು ಗಾಡಿಯಿಂದಲೇ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು, ಸಂತೆ ದಿನ ಕುರಿ, ಉಳಿದ ದಿನ ಮೇವು.

ಅಂಥಾ ಹೊತ್ತಿನಲ್ಲೇ ಗಾಡಿ ಕರಿಹೊಗೆ ಉಗುಳಲು ಶುರು ಮಾಡಿತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಎರಡನೇ ಗೇರಿನಲ್ಲೂ ತಿಣುಕಿ ತಿಣುಕಿ ಹತ್ತುತ್ತಿತ್ತು. ನಿಂತಲ್ಲಿ ಸ್ಲೋ ಬಿಟ್ಟರೆ ಇಂಜಿನ್ ಗಡಗಡ ಅಲುಗುತ್ತಿತ್ತು. ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿದ್ದದ್ದು 9ಕ್ಕೆ ಇಳಿಯಿತು.

ಗ್ಯಾರೇಜಿಗೆ ಒಯ್ದೆ. ಹೊಗೆ ನೋಡಿದವರೇ ನಾಝಲ್ ಹೋಗಿದೆ ಅಂದರು. ನಾಲ್ಕೂ ನಾಝಲ್ ಮಾಡಿಸಿದೆ, 11 ಸಾವಿರ ಆಯಿತು. ಹೊಗೆ ಹಾಗೇ ಇತ್ತು. ಮತ್ತೆ ಹೋದರೆ, "ಬೋರ್ ಸವೆದಿದೆ ಯಜಮಾನ್ರೆ, ಇಂಜಿನ್ ಇಳಿಸಬೇಕು, 45 ಸಾವಿರ ಆಗ್ತದೆ" ಅಂದರು. ಆ ಹಣ ಎಲ್ಲಿಂದ ತರುವುದು? ನಮ್ಮನೆಯವಳು ಮಾತಾಡದೆ ಕೊರಳಿನ ಸರ ಬಿಚ್ಚಿ ಮುಂದಿಟ್ಟಳು. ಮಾರನೇ ದಿನ ಬ್ಯಾಂಕಿಗೆ ಹೋಗಿ ಅಡ ಇಡುವುದು ಅಂತ ಆಯಿತು.

ಅದೇ ಸಂಜೆ ನಮ್ಮ ಬೀಗರು ಬಂದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ವಿಷಯ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಗಾಡಿ ಆಯಿಲ್ ಎಷ್ಟು ಕುಡೀತದೆ ಬೀಗ್ರೇ?"

ಕುಡಿಯುತ್ತಿರಲಿಲ್ಲ. ಬದಲಿಸಿ ನಾಲ್ಕು ತಿಂಗಳಾದರೂ ಗೇಜಿನ ಗುರುತು ಹೆಚ್ಚು ಇಳಿದಿರಲಿಲ್ಲ. ಬೋರ್ ಸವೆದಿದ್ದರೆ ಆಯಿಲ್ ಖರ್ಚಾಗಬೇಕು, ಹೊಗೆ ನೀಲಿ ಬರಬೇಕು, ಸ್ಲೋನಲ್ಲಿ ಆಯಿಲ್ ಮುಚ್ಚಳ ತೆಗೆದರೆ ಬುಸ್ ಬುಸ್ ಅಂತ ಗಾಳಿ ಉಗುಳಬೇಕು. ಮೂರೂ ಇರಲಿಲ್ಲ. "ಹಾಗಾದ್ರೆ ನಾಳೆ ಬ್ಯಾಂಕಿಗೆ ಹೋಗೋದು ಬ್ಯಾಡ. ಮೊದಲು ಇಜಿಆರ್ ನೋಡಣ" ಅಂದರು.

ಇಜಿಆರ್ ಅಂದರೇನು?

ಏಳನೇ ಕ್ಲಾಸು ಓದಿದ ನನಗೆ ಅವರು ಒಲೆಯ ಲೆಕ್ಕದಲ್ಲಿ ತಿಳಿಸಿದರು, ನಾನೂ ಹಾಗೇ ಹೇಳುತ್ತೇನೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇಂಜಿನ್ ಒಳಗಿನ ಬೆಂಕಿ ಅತಿಯಾಗಿ ಕಾದರೆ ಇವೆರಡೂ ಕೂಡಿ ವಿಷಾನಿಲವಾಗುತ್ತವೆ. ಇದು ತಪ್ಪಲಿ ಅಂತ ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ತಿರುಗಿಸಿ ಮತ್ತೆ ಇಂಜಿನ್ನಿಗೇ ಕುಡಿಸುತ್ತಾರೆ. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಒಳಗಿನ ಉರಿ ತಣ್ಣಗಾಗುತ್ತದೆ. ಈ ಹೊಗೆಯ ದಾರಿಗೆ ಇರುವ ಬಾಗಿಲೇ ಇಜಿಆರ್ ವಾಲ್ವ್.

ಗಾಡಿ ಹಗುರಾಗಿ ಓಡುವಾಗ ಈ ಬಾಗಿಲು ತೆರೆಯುತ್ತದೆ. ಲೋಡು ಹೊತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತುವಾಗ ಮುಚ್ಚಿಕೊಳ್ಳಬೇಕು. ಯಾಕೆಂದರೆ ಆಗ ಇಂಜಿನ್ನಿಗೆ ಶುದ್ಧ ಗಾಳಿ ಬೇಕು. ಮಸಿ ಕಟ್ಟಿ ಬಾಗಿಲು ತೆರೆದಲ್ಲೇ ಸಿಕ್ಕಿಕೊಂಡರೆ ಗಾಳಿಯ ಜಾಗದಲ್ಲಿ ಹೊಗೆ ಹೋಗುತ್ತದೆ. ಗಾಳಿ ಸಾಲದ ಒಲೆ ಏನು ಮಾಡುತ್ತದೆ? ಕರಿಹೊಗೆ. ನನ್ನ ಗಾಡಿ ಮಾಡುತ್ತಿದ್ದದ್ದೂ ಅದನ್ನೇ.

ಹೊಗೆಯ ಬಣ್ಣ ನೋಡಿ

ಕಪ್ಪು ಹೊಗೆ: ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ.

ನೀಲಿ ಹೊಗೆ: ಆಯಿಲ್ ಸುಡುತ್ತಿದೆ. ಬೋರ್, ರಿಂಗು, ಟರ್ಬೊ ಕಡೆ ಅನುಮಾನ ಪಡಿ.

ಬಿಳಿ ಹೊಗೆ: ಚಳಿಯ ಬೆಳಗಿನಲ್ಲಿ ತುಸು ಹೊತ್ತು ಬಂದರೆ ಹೆದರಬೇಡಿ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ಬರುತ್ತಾ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ನೀರು ಇಂಜಿನ್ ಒಳಕ್ಕೆ ಇಳಿಯುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೂ ಹೀಗಾಗುತ್ತದೆ. ಕೆಲವು ಗಾಡಿಗಳಲ್ಲಿ ಹೊಗೆ ತಣಿಸುವ ಇಜಿಆರ್ ಕೂಲರ್ ಇರುತ್ತದೆ, ಅದು ಒಡೆದಿದ್ದರೂ ಹೀಗೇ. ಆಗ ಗಾಡಿ ಓಡಿಸುವುದನ್ನೇ ನಿಲ್ಲಿಸಿ.

ಹೊಗೆಯೇ ಇಲ್ಲದೆ ಎಳೆತ ಮಾತ್ರ ಕಮ್ಮಿಯಾಗಿದ್ದರೆ ಡೀಸೆಲ್ ಫಿಲ್ಟರ್ ಮತ್ತು ಕ್ಲಚ್ ಮೊದಲು ನೋಡಿ.

ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ

ನಾನು ತಪ್ಪಿದ್ದು ಇಲ್ಲೇ. ದೊಡ್ಡ ಖರ್ಚಿನಿಂದ ಶುರು ಮಾಡಿದೆ. ಬೀಗರು ಮಾಡಿಸಿದ ಕ್ರಮ ಇದು.

1. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ದಾಟದಿದ್ದರೆ ಹೊಸದು ಹಾಕಿ. ನಮ್ಮ ಧೂಳಿನ ದಾರಿಗಳಲ್ಲಿ ಇದು ಬೇಗ ಕಟ್ಟುತ್ತದೆ.

2. ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪುಗಳನ್ನು ಉದ್ದಕ್ಕೂ ತಡವಿ ನೋಡಿ. ಸೀಳಿದ್ದರೆ, ಕ್ಲಿಪ್ ಸಡಿಲವಿದ್ದರೆ ಅಲ್ಲಿ ಆಯಿಲ್ ಜಿಡ್ಡು ಕಾಣುತ್ತದೆ, ರೇಸ್ ಮಾಡುವಾಗ ಸುಯ್ ಅಂತ ಸದ್ದು ಬರುತ್ತದೆ.

3. ನನ್ನ ಗಾಡಿಯ ವಾಲ್ವ್ ವ್ಯಾಕ್ಯೂಮ್‌ನಿಂದ ಕೆಲಸ ಮಾಡುವಂಥದ್ದು. ತಲೆಯ ಮೇಲೆ ತಟ್ಟೆಯಂಥ ಡಬ್ಬಿ, ಅದಕ್ಕೊಂದು ಸಣ್ಣ ರಬ್ಬರ್ ಪೈಪು. ಆ ಪೈಪು ಎಳೆದಾಗ ಬಾಗಿಲು ತೆರೆಯುತ್ತದೆ, ಎಳೆತ ನಿಂತರೆ ಸ್ಪ್ರಿಂಗ್ ಮುಚ್ಚುತ್ತದೆ. ಪೈಪನ್ನು ಡಬ್ಬಿಯಿಂದ ಕಿತ್ತು, ಅದರ ತುದಿಗೆ ಒಂದು ಸ್ಕ್ರೂ ತುರುಕಿ ಮುಚ್ಚಿ. ಆಮೇಲೆ ಅದೇ ಲೋಡಿನಲ್ಲಿ ಅದೇ ಏರು ಹತ್ತಿ.

ಈಗ ಹೊಗೆ ನಿಂತಿತೋ, ವಾಲ್ವ್ ಸರಿಯಾಗಿದೆ. ಅದಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಎಳೆತ ಕೊಡುತ್ತಿರುವ ಸೊಲೆನಾಯ್ಡ್ ಅಥವಾ ವೈರಿಂಗಿನಲ್ಲಿ ದೋಷ. ಹೊಗೆ ನಿಲ್ಲಲಿಲ್ಲವೋ, ವಾಲ್ವೇ ಮಸಿಯಲ್ಲಿ ಸಿಕ್ಕಿಕೊಂಡಿರಬಹುದು. ಬಿಚ್ಚಿ ನೋಡಬೇಕು. ನನ್ನದರಲ್ಲಿ ನಿಲ್ಲಲಿಲ್ಲ. ಈ ಪರೀಕ್ಷೆ ಮುಗಿದ ಮೇಲೆ ಪೈಪನ್ನು ಮರೆಯದೆ ಮತ್ತೆ ಸಿಗಿಸಿ.

4. ಡಬ್ಬಿಯೊಳಗಿನ ರಬ್ಬರ್ ಪೊರೆ ಹರಿದಿದೆಯೇ ತಿಳಿಯಲು ದನಕ್ಕೆ ಔಷಧಿ ಕೊಡುವ ದೊಡ್ಡ ಸಿರಿಂಜ್ ಸಾಕು. ಸೂಜಿ ತೆಗೆದು, ಬಿಗಿಯಾದ ಪೈಪು ಹಾಕಿ ಡಬ್ಬಿಗೆ ಸಿಗಿಸಿ ಹಿಂದಕ್ಕೆ ಎಳೆದು ಹಿಡಿಯಿರಿ. ಒಳಗಿನ ಕಡ್ಡಿ ಮೇಲೆದ್ದು ಅಲ್ಲೇ ನಿಲ್ಲಬೇಕು. ಎದ್ದು ತಾನಾಗಿ ಇಳಿದರೆ ಪೊರೆ ತೂತು. ಪೊರೆ ಚೆನ್ನಾಗಿದ್ದೂ ಕಡ್ಡಿ ಅಲುಗದಿದ್ದರೆ ಮಸಿ ಹಿಡಿದಿದೆ.

5. ಕಡ್ಡಿ ಚೆನ್ನಾಗಿ ಏಳುತ್ತದೆ ಅಂತಿದ್ದರೆ, ಇಂಜಿನ್ ಸ್ಲೋನಲ್ಲಿರುವಾಗ ಸಿರಿಂಜಿನಿಂದ ಎಳೆಯಿರಿ. ಇಂಜಿನ್ ಸದ್ದು ಸ್ವಲ್ಪ ಬದಲಾಗಬೇಕು. ಏನೂ ಬದಲಾಗದಿದ್ದರೆ ಹೊಗೆಯ ದಾರಿಯೇ ಮಸಿ ತುಂಬಿ ಮುಚ್ಚಿರಬಹುದು. ಇಂಥಾ ಗಾಡಿ ಓಡಲು ಚೆನ್ನಾಗೇ ಇರುತ್ತದೆ, ವಿಷಾನಿಲ ಮಾತ್ರ ಹೆಚ್ಚು ಬಿಡುತ್ತದೆ.

ಇಷ್ಟೆಲ್ಲಾ ಆದ ಮೇಲೆ ನಾಝಲ್, ಪಂಪು, ಟರ್ಬೊ. ಬೋರ್ ಎಲ್ಲಕ್ಕಿಂತ ಕೊನೆಗೆ.

ಹೊಸ ಗಾಡಿಗಳಲ್ಲಿ ವ್ಯಾಕ್ಯೂಮ್ ಬದಲು ಕರೆಂಟಿನ ಮೋಟರ್ ವಾಲ್ವನ್ನು ಆಡಿಸುತ್ತದೆ. ಅವಕ್ಕೆ ಸಿರಿಂಜ್ ನಡೆಯದು. ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಬೇಕು.

ಬಿಚ್ಚಿ ತೊಳೆದದ್ದು

ಗಾಡಿಯನ್ನು ರಾತ್ರಿಯಿಡೀ ಆರಲು ಬಿಟ್ಟೆವು. ಈ ಪೈಪುಗಳು ಕಾದಾಗ ಮುಟ್ಟಿದರೆ ಚರ್ಮ ಕಿತ್ತು ಬರುತ್ತದೆ. ಬೆಳಗ್ಗೆ ಚಕ್ರಕ್ಕೆ ಕಲ್ಲು ಕೊಟ್ಟು, ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರಿಂದ ಮುರಿಯದೆ ಬಿಚ್ಚಿಬಂತು. ವಾಲ್ವ್ ಕೂರುವ ಜಾಗದಲ್ಲಿ ಶೇಂಗಾ ಬೀಜದಷ್ಟು ಗಟ್ಟಿ ಮಸಿಯ ತುಂಡು ಸಿಕ್ಕಿಕೊಂಡಿತ್ತು. ಬಾಗಿಲು ಅರ್ಧ ತೆರೆದೇ ನಿಂತಿತ್ತು. 11 ಸಾವಿರ ನುಂಗಿ 45 ಸಾವಿರಕ್ಕೆ ಬಾಯಿ ತೆರೆದದ್ದು ಆ ತುಂಡು.

ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಅರ್ಧ ಗಂಟೆ ನೆನೆಬಿಟ್ಟು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆವು. ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ವಾಲ್ವ್ ಕೂರುವ ಅಂಚಿಗೆ ಗೀರು ಬಿದ್ದರೆ ಮತ್ತೆ ಸೋರುತ್ತದೆ. ಸ್ಪ್ರೇ ರಬ್ಬರ್ ಪೊರೆಗೆ ತಾಗಬಾರದು. ಅದು ಬೇಗ ಹೊತ್ತಿಕೊಳ್ಳುವ ದ್ರವ. ಬೀಡಿ ದೂರ ಇರಲಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಮಾಡಬೇಡಿ.

ಹಳೆ ಗ್ಯಾಸ್ಕೆಟ್ ಮತ್ತೆ ಹಾಕದೆ ಹೊಸದು ಹಾಕಿದೆವು. ಗಾಡಿ ಸುಧಾರಿಸಿತು, ಆದರೆ ಅರ್ಧ ಮಾತ್ರ. ವಾಲ್ವ್ ತೊಳೆದವರು ಅದರ ಮುಂದಿನ ಇನ್‌ಲೆಟ್ ಮ್ಯಾನಿಫೋಲ್ಡಿನ ಬಾಯಿ ನೋಡಿರಲಿಲ್ಲ. ವಾರದ ನಂತರ ಮತ್ತೆ ಬಿಚ್ಚಿದರೆ ಅಲ್ಲಿ ಟಾರಿನಂಥ ಮಸಿ ಬೆರಳು ದಪ್ಪ ಕಟ್ಟಿತ್ತು. ಮ್ಯಾನಿಫೋಲ್ಡನ್ನೇ ಇಳಿಸಿ ತೊಳೆದೆವು. ಗಾಡಿ ಮೇಲಿದ್ದಂತೆಯೇ ಕೆರೆದರೆ ಮಸಿ ತುಂಡು ಇಂಜಿನ್ ಒಳಗೆ ಬೀಳುತ್ತದೆ. ಆಮೇಲೆ ಹೊಗೆ ನಿಂತಿತು. ಏರು ಮೂರನೇ ಗೇರಿನಲ್ಲೇ ಹತ್ತಿತು.

ಒಟ್ಟು ಖರ್ಚು: ಸ್ಪ್ರೇ ಎರಡು ಡಬ್ಬಿ 560, ಗ್ಯಾಸ್ಕೆಟ್‌ಗಳು 450, ಎರಡನೇ ಸಲಕ್ಕೆ ಸಹಾಯಕ್ಕೆ ಬಂದ ಹುಡುಗನಿಗೆ 500. ಎಲ್ಲಾ ಸೇರಿ 1510 ರೂಪಾಯಿ.

ತಗಡು ಹಾಕಿ ಮುಚ್ಚಬಹುದಲ್ಲ?

ಆ ಹುಡುಗನೂ ಇದನ್ನೇ ಕೇಳಿದ. "ಒಂದು ತಗಡು ಕೊಯ್ದು ದಾರಿ ಮುಚ್ಚಿಬಿಡಣ ಅಣ್ಣಾ, ಮತ್ತೆ ತೊಳೆಯೋ ಗೋಜೇ ಇರಲ್ಲ." ಎಷ್ಟೋ ಗಾಡಿಗಳಲ್ಲಿ ಹೀಗೆ ಮಾಡಿರುತ್ತಾರೆ. ನಾನು ಬೇಡ ಅಂದೆ.

ಮೊದಲನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟದ್ದಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ದೇಶಕ್ಕೆಲ್ಲ 2017ರಲ್ಲಿ ಬಿಎಸ್-4, 2020ರಲ್ಲಿ ಬಿಎಸ್-6 ನಿಯಮ ಬಂದವು. ಅಂಥಾ ಗಾಡಿಗಳಲ್ಲಿ ತಗಡು ಹಾಕಿದರೆ ಇಂಜಿನ್ ದೀಪ ಹೊತ್ತಿಕೊಂಡು ಎಳೆತವೇ ಕಡಿಮೆಯಾಗಬಹುದು.

ಎರಡನೆಯದು ನಮ್ಮ ಹೊಲ. ಡೀಸೆಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ದಟ್ಟಣೆ. ಕಣ್ಣಿಗೆ ಕಾಣದ ಈ ಸಾರಜನಕದ ಅನಿಲ ಅಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ಬಿಸಿಲಿನಲ್ಲಿ ಅದರಿಂದ ನೆಲಮಟ್ಟದಲ್ಲಿ ಓಝೋನ್ ಹುಟ್ಟುತ್ತದೆ. ಅದು ಮನುಷ್ಯರ ಶ್ವಾಸಕೋಶಕ್ಕೂ ಬೆಳೆಯ ಎಲೆಗೂ ಕೆಟ್ಟದ್ದು. ನನ್ನ ಗಾಡಿ ಒಂದೇ ಏನು ಮಾಡೀತು ಅನ್ನಬಹುದು. ತಗಡು ಹಾಕಿದ ಪ್ರತಿಯೊಬ್ಬನೂ ಹಾಗೇ ಅಂದುಕೊಂಡಿರುತ್ತಾನೆ.

ಮತ್ತೆ ಕಟ್ಟದಂತೆ

ಸಣ್ಣ ಸಣ್ಣ ಓಡಾಟ, ಇಂಜಿನ್ ಚಾಲೂ ಇಟ್ಟು ಗಂಟೆಗಟ್ಟಲೆ ನಿಲ್ಲಿಸುವುದು, ಇವೆರಡರಿಂದ ಮಸಿ ಬೇಗ ಕಟ್ಟುತ್ತದೆ. ಪ್ರತಿ ಹಾಲಿನ ಮನೆ ಮುಂದೆ ನಾನು ಮಾಡುತ್ತಿದ್ದದ್ದು ಇದನ್ನೇ. ಈಗ ಕ್ಯಾನು ತುಂಬುವಾಗ ಇಂಜಿನ್ ಆರಿಸುತ್ತೇನೆ. ಹದಿನೈದು ದಿನಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸುತ್ತೇನೆ. ಆಯಿಲ್, ಏರ್ ಫಿಲ್ಟರ್ ಹೇಳಿದ ಹೊತ್ತಿಗೆ ಬದಲಿಸುತ್ತೇನೆ. ವರ್ಷಕ್ಕೊಮ್ಮೆ, ಬಿತ್ತನೆಗೆ ಮುಂಚೆ, ವಾಲ್ವ್ ಬಿಚ್ಚಿ ತೊಳೆಯುತ್ತೇನೆ.

ಗ್ಯಾರೇಜಿನವರನ್ನು ಬೈದು ಉಪಯೋಗವಿಲ್ಲ. ಆಯಿಲ್ ಇಳಿದಿಲ್ಲ ಅನ್ನುವುದು ಗೊತ್ತಿದ್ದವನು ನಾನು. ಅದನ್ನು ಅವರಿಗೆ ಹೇಳದೆ ಸುಮ್ಮನೆ ನಿಂತದ್ದೂ ನಾನೇ. ಯಾವಾಗಿಂದ ಹೊಗೆ, ಯಾವ ಬಣ್ಣ, ಏರಿನಲ್ಲೋ ಸ್ಲೋನಲ್ಲೋ, ಆಯಿಲ್ ಎಷ್ಟು, ನೀರು ಎಷ್ಟು, ಇಷ್ಟನ್ನು ಚೀಟಿಯಲ್ಲಿ ಬರೆದು ಒಯ್ದರೆ ಒಳ್ಳೆ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಆದಂತೆ.

ಸರ ಮತ್ತೆ ನಮ್ಮನೆಯವಳ ಕೊರಳಿಗೆ ಹೋಯಿತು. ನಾಝಲ್ಲಿಗೆ ಹಾಕಿದ 11 ಸಾವಿರ ಮಾತ್ರ ಹೋದದ್ದು ಹೋಯಿತು. ಅದು ನನ್ನ ಪಾಠದ ಫೀಸು ಅಂದುಕೊಂಡಿದ್ದೇನೆ. ಕೃಷಿಕ ಬಂಧುಗಳು ಆ ಫೀಸು ಕಟ್ಟದೇ ಕಲಿಯಲಿ ಅಂತ ಇದನ್ನು ಬರೆದೆ.